ಅರ್ಜಿ ಬರೆಯೋಣ ಬನ್ನಿ

ತಾಯಂದಿರೇ, ಅಕ್ಕಂದಿರೇ, ತಂಗಿಯರೇ,

ಹೊಲದ ಕೆಲಸ ಮುಗಿಸಿ, ದನಕ್ಕೆ ಹುಲ್ಲು ಹಾಕಿ, ಮಕ್ಕಳಿಗೆ ಉಣ್ಣಲು ಇಟ್ಟು ಬಂದಿದ್ದೀರಿ. ನಿಮ್ಮ ಹೊತ್ತು ಹಾಳು ಮಾಡುವುದಿಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇವೆ.

ನೀವೀಗ ಓದಲು ಕಲಿತಿದ್ದೀರಿ. ಬಸ್ಸಿನ ಬೋರ್ಡು ಓದುತ್ತೀರಿ. ಸಂಘದ ಪುಸ್ತಕದಲ್ಲಿ ರುಜು ಹಾಕುತ್ತೀರಿ. ಇಷ್ಟಾದ ಮೇಲೆ ನಮ್ಮ ಕೇಂದ್ರಗಳಲ್ಲಿ ಒಂದು ಪ್ರಶ್ನೆ ಎದ್ದಿದೆ. ಒಬ್ಬರಲ್ಲ, ಹತ್ತಾರು ಜನ ಕೇಳಿದ್ದೀರಿ. "ಓದು ಬಂತು ಟೀಚರ್. ಇದರಿಂದ ಒಂದು ಕೆಲಸ ಸಿಗುತ್ತಾ?"

ನಿಜ ಹೇಳಬೇಕು. ಅಕ್ಷರ ಬಂತು ಅಂತ ಯಾರೂ ಕರೆದು ಕೆಲಸ ಕೊಡುವುದಿಲ್ಲ. ಬಿ.ಎ. ಓದಿದ ಹುಡುಗರೇ ಅರಳಿಕಟ್ಟೆ ಮೇಲೆ ಕೂತಿದ್ದಾರೆ, ನೀವೇ ನೋಡುತ್ತಿದ್ದೀರಿ. ಆದರೆ ಕೆಲಸ ಕೇಳುವುದಕ್ಕೂ ಒಂದು ಕ್ರಮ ಇದೆ. ಅದನ್ನು ಕಲಿಯಬಹುದು. ಮುದ್ದೆ ಕಟ್ಟುವುದನ್ನು ಹೇಗೆ ಕಲಿತಿರಿ? ಮೊದಲು ಗಂಟಾಯಿತು, ಕೈ ಸುಟ್ಟಿತು. ಆಮೇಲೆ ಬಂತು. ಇದೂ ಹಾಗೆಯೇ. ಅದಕ್ಕೇ ನಾವು ವಾರಕ್ಕೊಂದು ಸಂಜೆ ಇದರ ಅಭ್ಯಾಸ ಮಾಡಿಸಲು ಶುರು ಮಾಡಿದ್ದೇವೆ. ಅಲ್ಲಿ ಏನೇನು ನಡೆಯುತ್ತದೆ ಎಂದು ಇವತ್ತು ಹೇಳುತ್ತೇವೆ.

ಮೊದಲು ಅರ್ಜಿ. ಅರ್ಜಿ ಎಂದರೆ ಏನು? ಕಾಲು ಹಿಡಿದು ಬೇಡುವುದಲ್ಲ. "ಈ ಕೆಲಸ ನನಗೆ ಬರುತ್ತದೆ. ನನ್ನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ" ಎಂದು ಕಾಗದದ ಮೇಲೆ ಹೇಳುವುದು. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. "ನೀನ್ಯಾವಾಗ ಕೇಳ್ದೆ?" ಎಂದುಬಿಡುತ್ತಾರೆ. ಕಾಗದ ಇದ್ದರೆ ಹಾಗೆ ಅನ್ನಲು ಆಗುವುದಿಲ್ಲ.

ಇದಕ್ಕೆ ನಮ್ಮ ತಾಲ್ಲೂಕಿನಲ್ಲೇ ನಡೆದ ಒಂದು ಸಂಗತಿ ಇದೆ. ಊರಿನ ಹೆಸರು ಬೇಡ. ಅಲ್ಲಿಯ ಶಾಲೆಯಲ್ಲಿ ಬಿಸಿಯೂಟ ಮಾಡುವ ಒಬ್ಬರು ಕೆಲಸ ಬಿಟ್ಟರು. ಜಾಗ ಖಾಲಿಯಾಯಿತು. ನಮ್ಮ ಕೇಂದ್ರದ ಒಬ್ಬ ಅಕ್ಕನಿಗೆ ಆ ಕೆಲಸದ ಮೇಲೆ ಆಸೆ. ಗಂಡ ತೀರಿಕೊಂಡಿದ್ದಾರೆ. ಇಬ್ಬರು ಮಕ್ಕಳು ಅದೇ ಶಾಲೆಯಲ್ಲಿ ಓದುತ್ತಿದ್ದಾರೆ. ಮನೆ ಊರಾಚೆಯ ಕಾಲೋನಿಯಲ್ಲಿ. ಮದುವೆ ಮನೆಯ ಅಡುಗೆಗೆ ಕೂಲಿಗೆ ಹೋಗಿ ಅಭ್ಯಾಸ ಇದೆ. ಅವರು ಮೂರು ಸಲ ಹೋಗಿ ಕೇಳಿದರು. ಮೂರು ಸಲವೂ ಒಂದೇ ಉತ್ತರ: "ನೋಡೋಣಮ್ಮ." ನಾಲ್ಕನೇ ಸಲ ಹೋದಾಗ ಅಡುಗೆ ಕೋಣೆಯಲ್ಲಿ ಬೇರೆಯವರು ಬೇಳೆ ತೊಳೆಯುತ್ತಿದ್ದರು.

ಅವತ್ತು ರಾತ್ರಿ ಆ ಅಕ್ಕ ಕೇಂದ್ರಕ್ಕೆ ಬಂದರು. ಪುಸ್ತಕ ಬಿಚ್ಚಲಿಲ್ಲ. "ನಮ್ಮ ಕೈಯಡುಗೆ ಅಲ್ವಾ, ಅದಕ್ಕೇ ಕೊಡಲಿಲ್ಲ" ಅಂದರು. ಅಷ್ಟೇ ಮಾತು.

ಅದೇ ಕಾರಣವೋ ಬೇರೆಯೋ, ನಾವು ಹೇಳಲು ಬರುವುದಿಲ್ಲ. ಆದರೆ ಕಾನೂನು ಏನು ಹೇಳುತ್ತದೆ ಎಂದು ಹೇಳಬಹುದು. ಶಾಲೆಯಲ್ಲಿ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆದೇಶ ಮಾಡಿತು. ಕರ್ನಾಟಕದಲ್ಲಿ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. ಆಮೇಲೆ ನಮ್ಮ ಕಡೆಗೂ ಬಂತು. 2004ರ ಏಪ್ರಿಲಿನಲ್ಲಿ ಅದೇ ಕೋರ್ಟು ಇನ್ನೊಂದು ಮಾತು ಸೇರಿಸಿತು. ಅಡುಗೆಯವರನ್ನೂ ಸಹಾಯಕರನ್ನೂ ನೇಮಿಸುವಾಗ ದಲಿತರಿಗೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಆದ್ಯತೆ ಕೊಡಬೇಕು ಎಂದಿತು. ಆದ್ಯತೆ ಎಂದರೆ ಮೊದಲ ಅವಕಾಶ. ಈ ಮಾತನ್ನು ಆ ಅಕ್ಕನಿಗೆ ಓದಿ ಹೇಳಿದೆವು. ಅವರು ಎರಡು ಸಲ ಓದಿಸಿಕೊಂಡರು. ಮೂರನೇ ಸಲ ತಾವೇ ಓದಿದರು.

ಆಮೇಲೆ ಮಾಹಿತಿ ಹಕ್ಕಿನ ಅರ್ಜಿ ಬರೆಯುವುದು ಎಂದಾಯಿತು. ಮಾಹಿತಿ ಹಕ್ಕು ಕಾನೂನು 2005ರಲ್ಲಿ ಬಂದದ್ದು. ಸರ್ಕಾರದ ಕಚೇರಿಯಲ್ಲಿ ಏನು ನಡೆಯಿತು ಎಂದು ಯಾರು ಬೇಕಾದರೂ ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು. ಶುಲ್ಕ 10 ರೂಪಾಯಿ. ಬಿ.ಪಿ.ಎಲ್. ಕಾರ್ಡು ಇದ್ದರೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದಗಳ ಒಳಗೆ ಇರಬೇಕು, ಒಂದೇ ವಿಷಯ ಕೇಳಬೇಕು. ಇದನ್ನು ಓದಿದವರು ಬೈಯುತ್ತಾರೆ, ತುಂಬಾ ಕಡಿಮೆ ಅಂತ. ಆ ಅಕ್ಕನಿಗೆ ಇದೇ ಒಳ್ಳೆಯದಾಯಿತು! ಅವರು ಬರೆದದ್ದು ಆರು ಸಾಲು. ಜಾಗ ಖಾಲಿ ಇದೆ ಎಂದು ಯಾವಾಗ ಪ್ರಕಟಿಸಿದಿರಿ? ಎಷ್ಟು ಅರ್ಜಿ ಬಂದವು? ಯಾವ ಆಧಾರದ ಮೇಲೆ ಆರಿಸಿದಿರಿ? ಇಷ್ಟೇ. ಮೂರು ಸಂಜೆ ಹಿಡಿಯಿತು. ಎರಡು ಹಾಳೆ ಹರಿದು ಹಾಕಿದರು. ತಾಲ್ಲೂಕು ಪಂಚಾಯಿತಿ ಕಚೇರಿಗೆ ತಾವೇ ಹೋಗಿ ಕೊಟ್ಟರು.

ಉತ್ತರ ಬಂತು. ಪ್ರಕಟಣೆ ಹಾಕಿರಲಿಲ್ಲ, ಲಿಖಿತ ಅರ್ಜಿ ಯಾವುದೂ ಬಂದಿರಲಿಲ್ಲ ಎಂದು ಅದರಲ್ಲಿತ್ತು. ನೋಡಿದಿರಾ? ಆ ಅಕ್ಕ ಮೂರು ಸಲ ಕೇಳಿದ್ದು ಲೆಕ್ಕದಲ್ಲೇ ಇರಲಿಲ್ಲ. ಒಂದು ಚೂರು ಕಾಗದ ಇದ್ದಿದ್ದರೆ ಲೆಕ್ಕಕ್ಕೆ ಬರುತ್ತಿತ್ತು.

ಮರುವರ್ಷ ಶಾಲೆಯಲ್ಲಿ ಮಕ್ಕಳು ಹೆಚ್ಚಾದರು. ಅಡುಗೆಗೆ ಇನ್ನೊಬ್ಬರು ಬೇಕಾಯಿತು. ಇದಕ್ಕೊಂದು ಲೆಕ್ಕ ಇದೆ, ನಿಮ್ಮ ಊರಿನ ಶಾಲೆಗೂ ಹಾಕಿ ನೋಡಿ. 25 ಮಕ್ಕಳವರೆಗೆ ಒಬ್ಬ ಅಡುಗೆಯವರು. 26ರಿಂದ 100ರವರೆಗೆ ಇಬ್ಬರು. ಅದರ ಮೇಲೆ ಪ್ರತಿ 100 ಮಕ್ಕಳವರೆಗೆ ಇನ್ನೊಬ್ಬರು. ನಿಮ್ಮ ಶಾಲೆಯಲ್ಲಿ 130 ಮಕ್ಕಳಿದ್ದರೆ ಎಷ್ಟು ಜನ ಬೇಕು? ಮೂವರು. ಈ ಸಲ ಶಾಲೆಯ ಗೋಡೆಗೂ ಪಂಚಾಯಿತಿಯ ಬೋರ್ಡಿಗೂ ಚೀಟಿ ಅಂಟಿಸಿದರು. ಕೊನೆಯ ದಿನಾಂಕವನ್ನೂ ಬರೆದಿದ್ದರು. ಆರು ಹೆಂಗಸರು ಅರ್ಜಿ ಹಾಕಿದರು. ಅದರಲ್ಲಿ ನಮ್ಮ ಕೇಂದ್ರದವರೇ ಇಬ್ಬರು. ಆ ಅಕ್ಕನಿಗೆ ಕೆಲಸ ಸಿಕ್ಕಿತು. ಇನ್ನೊಬ್ಬರಿಗೆ ಸಿಗಲಿಲ್ಲ. ಅವರ ಮನೆಯಲ್ಲೂ ಕಷ್ಟ ಕಡಿಮೆ ಏನಿಲ್ಲ. ಅವತ್ತು ನಮಗೆ ಸಂತೋಷವೂ ಆಯಿತು, ಸಂಕಟವೂ ಆಯಿತು. ಇರುವುದು ಒಂದೇ ಜಾಗ ಆದರೆ ಏನು ಮಾಡುವುದು ಹೇಳಿ.

ಸಂಬಳದ ವಿಚಾರವನ್ನೂ ಹೇಳಬೇಕು. ಈ ಕೆಲಸಕ್ಕೆ ಕೊಡುವ ಹಣಕ್ಕೆ ಗೌರವಧನ ಅನ್ನುತ್ತಾರೆ. 2009ರಿಂದ ಕೇಂದ್ರದ ಲೆಕ್ಕದಲ್ಲಿ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. ಅದರ ಮೇಲೆ ರಾಜ್ಯ ಸರ್ಕಾರ ತನ್ನದನ್ನು ಸೇರಿಸುತ್ತದೆ. ಒಟ್ಟು ಈಗ ಎಷ್ಟು ಎಂದು ಅರ್ಜಿ ಹಾಕುವ ಮೊದಲೇ ಮುಖ್ಯ ಶಿಕ್ಷಕರನ್ನು ಕೇಳಿ. ಕೇಳುವುದರಲ್ಲಿ ತಪ್ಪಿಲ್ಲ. ಗೌರವಧನ ಎನ್ನುವ ಮಾತು ನಮಗೆ ಹಿಡಿಸುವುದಿಲ್ಲ. ಹೊಗೆಯಲ್ಲಿ ನಿಂತು ನೂರು ಮಕ್ಕಳಿಗೆ ಬೇಯಿಸಿದರೆ ಅದು ದುಡಿಮೆ. ದುಡಿಮೆಗೆ ಕೊಡುವುದನ್ನು ಕೂಲಿ ಅನ್ನಬೇಕು.

ಈಗ ಅರ್ಜಿ ಹೇಗಿರಬೇಕು, ನೋಡೋಣ. ನಿಧಾನವಾಗಿ ಓದಿ.

ಇವರಿಂದ,
(ನಿಮ್ಮ ಹೆಸರು, ಗಂಡನ ಅಥವಾ ತಂದೆಯ ಹೆಸರು, ಊರು, ಅಂಚೆ, ತಾಲ್ಲೂಕು)

ಇವರಿಗೆ,
ಮುಖ್ಯ ಶಿಕ್ಷಕರು,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, (ಊರು)

ಮಾನ್ಯರೇ,

ವಿಷಯ: ಅಡುಗೆ ಸಹಾಯಕಿ ಕೆಲಸಕ್ಕಾಗಿ ಅರ್ಜಿ.

ನಮ್ಮ ಶಾಲೆಯಲ್ಲಿ ಅಡುಗೆ ಸಹಾಯಕಿಯ ಜಾಗ ಖಾಲಿ ಇದೆ ಎಂದು ಪ್ರಕಟಣೆ ಓದಿ ತಿಳಿದಿದ್ದೇನೆ. ನಾನು ಇದೇ ಊರಿನವಳು. ನನ್ನ ವಯಸ್ಸು 34. ನನಗೆ ಓದು, ಬರಹ, ಲೆಕ್ಕ ಬರುತ್ತದೆ. ಐದು ವರ್ಷದಿಂದ ಮದುವೆ ಮನೆಗಳಲ್ಲಿ ಅಡುಗೆ ಕೆಲಸ ಮಾಡಿದ್ದೇನೆ. ನಾನು ಪರಿಶಿಷ್ಟ ಜಾತಿಗೆ ಸೇರಿದ್ದೇನೆ. ನನ್ನ ಗಂಡ ತೀರಿಕೊಂಡಿದ್ದಾರೆ. ಈ ಕೆಲಸಕ್ಕೆ ನನ್ನನ್ನು ಪರಿಗಣಿಸಬೇಕೆಂದು ಕೋರುತ್ತೇನೆ.

ಜೊತೆಗೆ ಇಟ್ಟಿರುವ ಪ್ರತಿಗಳು: ಪಡಿತರ ಚೀಟಿ, ಆಧಾರ್, ಜಾತಿ ಪ್ರಮಾಣ ಪತ್ರ.

ದಿನಾಂಕ:
ಸ್ಥಳ:
ಇಂತಿ ತಮ್ಮ ವಿಶ್ವಾಸಿ,
(ರುಜು)

ಇಷ್ಟೇ. ಇದರಲ್ಲಿ "ಪಾದಕ್ಕೆ ಬಿದ್ದು", "ದಯಾಮಯರಾದ ತಾವು" ಅನ್ನುವ ಮಾತು ಒಂದೂ ಇಲ್ಲ. ಅರ್ಜಿ ಬರೆದುಕೊಡುವ ಕೆಲವರು ಅಂಥ ಮಾತು ಸೇರಿಸಿ ಪುಟ ತುಂಬಿಸುತ್ತಾರೆ. ಅದು ಬೇಡ. ನಿಮಗೆ ಏನು ಬರುತ್ತದೆ ಎನ್ನುವುದನ್ನು ಬರೆಯಿರಿ. "ನನಗೇನೂ ಬರಲ್ಲ ಟೀಚರ್" ಅಂತ ಸುಮಾರು ಜನ ಹೇಳುತ್ತೀರಿ. ಆಗ ನಾವು ಕೇಳುತ್ತೇವೆ, ಸಂಘದ ಹಣ ಯಾರು ಎಣಿಸುತ್ತಾರೆ? ಹೆರಿಗೆ ಮನೆಯಲ್ಲಿ ಯಾರು ನಿಲ್ಲುತ್ತಾರೆ? ರೇಷ್ಮೆ ಹುಳುವಿಗೆ ರಾತ್ರಿ ಸೊಪ್ಪು ಹಾಕುವವರು ಯಾರು? ಅದೆಲ್ಲ ಕೆಲಸವೇ. ಅರ್ಜಿಯಲ್ಲಿ ಬರೆಯಬೇಕಾದ್ದೇ.

ಅರ್ಜಿಯನ್ನು ಯಾವಾಗಲೂ ಎರಡು ಪ್ರತಿ ಮಾಡಿ. ಒಂದನ್ನು ಕಚೇರಿಗೆ ಕೊಡಿ. ಇನ್ನೊಂದರ ಮೇಲೆ "ಸ್ವೀಕರಿಸಿದೆ" ಎಂದು ಬರೆಸಿ, ದಿನಾಂಕ, ರುಜು, ಸೀಲು ಹಾಕಿಸಿಕೊಳ್ಳಿ. ಕೆಲವರು ಹಾಕುವುದಿಲ್ಲ. "ಇಟ್ಟು ಹೋಗಮ್ಮ" ಎನ್ನುತ್ತಾರೆ. ಆಗ ಜಗಳ ಬೇಡ. ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಇಟ್ಟುಕೊಳ್ಳಿ. ಮೊದಲು ರಿಜಿಸ್ಟರ್ ಪೋಸ್ಟ್ ಅಂತ ಬೇರೆ ಇತ್ತು. 2025ರಲ್ಲಿ ಅದನ್ನೂ ಸ್ಪೀಡ್ ಪೋಸ್ಟಿಗೇ ಸೇರಿಸಿದ್ದಾರೆ. ಜಾತಿ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗಲೂ ರಸೀದಿ ಕೇಳಿ. ಸಕಾಲ ಕಾನೂನು ಬಂದ ಮೇಲೆ ಅದಕ್ಕೊಂದು ನಂಬರು ಕೊಡಲೇಬೇಕು.

ಇನ್ನು ಹೆಸರಿನ ವಿಚಾರ. ಇದು ಸಣ್ಣದು ಅನ್ನಿಸುತ್ತದೆ. ಆದರೆ ನಮ್ಮ ಅಭ್ಯಾಸದ ಸಂಜೆಗಳಲ್ಲಿ ಅರ್ಧ ಹೊತ್ತು ಇದಕ್ಕೇ ಹೋಗುತ್ತದೆ. ನಿಮ್ಮ ಹೆಸರು ಏನು? ಪಡಿತರ ಚೀಟಿಯಲ್ಲಿ ಲಕ್ಷ್ಮಮ್ಮ. ಆಧಾರಿನಲ್ಲಿ ಲಕ್ಷ್ಮಿ. ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ಲಕ್ಷ್ಮೀದೇವಿ. ಮನೆಯಲ್ಲಿ ಕರೆಯುವುದು ಲಚ್ಚಿ! ನಿಮಗೆ ನೀವು ಒಬ್ಬರೇ. ಕಚೇರಿಗೆ ಮೂವರು. ಇದುವರೆಗೆ ಯಾರೋ ಬರೆದರು, ನೀವು ಹೆಬ್ಬೆಟ್ಟು ಒತ್ತಿದಿರಿ. ಏನು ಬರೆದರು ಎಂದು ಗೊತ್ತಾಗಲಿಲ್ಲ. ಈಗ ಗೊತ್ತಾಗುತ್ತದೆ. ಹಾಗಾಗಿ ಮನೆಯಲ್ಲಿರುವ ಕಾಗದಗಳನ್ನೆಲ್ಲ ಹರಡಿಕೊಂಡು ಕೂತು, ನಿಮ್ಮ ಹೆಸರಿನ ಪ್ರತಿ ಅಕ್ಷರ ಓದಿ.

ಹುಟ್ಟಿದ ದಿನವೂ ಹಾಗೇ. "ಆ ದೊಡ್ಡ ಮಳೆ ಬಂದ ವರ್ಷ", "ಅಣ್ಣನಿಗಿಂತ ಎರಡು ವರ್ಷ ಚಿಕ್ಕವಳು" ಎಂದರೆ ನಡೆಯುವುದಿಲ್ಲ. ನಿಮ್ಮಲ್ಲಿ ಅನೇಕರು ಎರಡನೇ ಕ್ಲಾಸೋ ಮೂರನೇ ಕ್ಲಾಸೋ ಓದಿ ಬಿಟ್ಟವರು. "ನಾನು ಶಾಲೆಗೇ ಹೋಗಿಲ್ಲ" ಎಂದು ಹೇಳಿಕೊಳ್ಳುತ್ತೀರಿ. ಆದರೆ ಶಾಲೆ ನಿಮ್ಮನ್ನು ಮರೆತಿಲ್ಲ. ಶಾಲೆಯಲ್ಲಿ ದಾಖಲಾತಿ ರಿಜಿಸ್ಟರ್ ಎಂದು ಒಂದು ದೊಡ್ಡ ಪುಸ್ತಕ ಇರುತ್ತದೆ. ಒಂದು ದಿನ ಸೇರಿದ್ದರೂ ನಿಮ್ಮ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಅದರಲ್ಲಿ ಇರುತ್ತದೆ. ನೀವು ಓದಿದ ಶಾಲೆಯ ಮುಖ್ಯ ಶಿಕ್ಷಕರಿಗೆ ಅರ್ಜಿ ಕೊಟ್ಟು ಅದರ ನಕಲು ಕೇಳಿ. ತವರೂರಿನ ಶಾಲೆಯಾದರೆ ಹಬ್ಬಕ್ಕೆ ಹೋದಾಗ ಈ ಕೆಲಸವನ್ನೂ ಮುಗಿಸಿಕೊಂಡು ಬನ್ನಿ. ಆಧಾರಿನಲ್ಲಿ ತಪ್ಪಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಆದರೆ ಹುಷಾರು. ಅಲ್ಲಿ ಹೆಸರನ್ನು ಎರಡು ಸಲ ಮಾತ್ರ ತಿದ್ದಬಹುದು, ಹುಟ್ಟಿದ ದಿನವನ್ನು ಒಂದೇ ಸಲ. ಹಾಗಾಗಿ ಕಂಪ್ಯೂಟರಿನವರು ತುಂಬಿದ್ದನ್ನು ನೀವೇ ಓದಿ, ಸರಿ ಇದೆ ಅಂದ ಮೇಲೆಯೇ ಒತ್ತಲು ಹೇಳಿ.

ಕೆಲಸಕ್ಕೆ ಮೊದಲು ಸಂದರ್ಶನ ಇರುತ್ತದೆ. ಅಂದರೆ ಎದುರಿಗೆ ಕೂರಿಸಿ ಪ್ರಶ್ನೆ ಕೇಳುವುದು. ಇದರ ಅಭ್ಯಾಸವೇ ನಮಗೆ ಎಲ್ಲಕ್ಕಿಂತ ಖುಷಿ. ಒಂದು ಮೇಜು, ಎರಡು ಕುರ್ಚಿ ಇಡುತ್ತೇವೆ. ಒಬ್ಬರು ಸಾಹೇಬರಾಗುತ್ತಾರೆ, ಒಬ್ಬರು ಕೆಲಸ ಕೇಳಲು ಬರುತ್ತಾರೆ. ಕೇಂದ್ರದಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬ ಅಜ್ಜಿ ಸಾಹೇಬರ ಕುರ್ಚಿ ಬಿಟ್ಟು ಏಳುವುದಿಲ್ಲ! ಕನ್ನಡಕ ಮೂಗಿನ ತುದಿಗೆ ಇಳಿಸಿ, "ಏನಮ್ಮ, ಏನ್ ಬಂದೆ?" ಎಂದು ಗದರುತ್ತಾರೆ. ಮೊದಲ ದಿನ ಎಲ್ಲರೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು. ಕುರ್ಚಿಯಲ್ಲಿ ಕೂರಲು ಒಬ್ಬರೂ ಒಪ್ಪಲಿಲ್ಲ. "ಸಾಹೇಬರ ಮುಂದೆ ಕೂರೋದಾ?" ಅಂದರು. ಹೌದು, ಕೂರಿ. "ಕೂತ್ಕೊಳ್ಳಲಾ ಸಾರ್?" ಎಂದು ಕೇಳಿ ಕೂರಿ. ನೆಲ ನೋಡಬೇಡಿ. ಮುಖ ನೋಡಿ ಮಾತಾಡಿ.

ಅಜ್ಜಿ ಕೇಳುವ ಪ್ರಶ್ನೆಗಳು ಸುಲಭದ್ದಲ್ಲ.

"ಶಾಲೆಯಲ್ಲಿ 60 ಮಕ್ಕಳು. ಎಲ್ಲಾ ಚಿಕ್ಕ ಕ್ಲಾಸಿನವು. ಅಕ್ಕಿ ಎಷ್ಟು ಹಾಕ್ತೀಯಾ?"

ಐದನೇ ಕ್ಲಾಸಿನವರೆಗೆ ಒಂದು ಮಗುವಿಗೆ 100 ಗ್ರಾಂ, ಆರರಿಂದ ಎಂಟನೇ ಕ್ಲಾಸಿಗೆ 150 ಗ್ರಾಂ. ಇದು ಸರ್ಕಾರದ ಅಳತೆ. ಹಾಗಾದರೆ ಉತ್ತರ?

"6 ಕೆ.ಜಿ. ಸಾರ್."

"ದೊಡ್ಡ ಕ್ಲಾಸಿನವಾದರೆ?"

"9 ಕೆ.ಜಿ."

ಮೊದಲ ಸಲ ಇದನ್ನು ಹೇಳಿದಾಗ ಆ ಅಕ್ಕನ ಮುಖ ನೋಡಬೇಕಿತ್ತು. ಕೇಂದ್ರದಲ್ಲಿ ಕಲಿತ ಗುಣಾಕಾರ ಅಡುಗೆ ಮನೆಗೆ ಬಂದಿತ್ತು.

ಅಜ್ಜಿ ಇನ್ನೊಂದು ಕೇಳುತ್ತಾರೆ. "ನಿನ್ನ ಮಗೂಗೆ ಜ್ವರ ಬಂದ್ರೆ ಕೆಲಸಕ್ಕೆ ಬರ್ತೀಯೋ, ಮನೇಲಿ ಕೂರ್ತೀಯೋ?" ಈ ಪ್ರಶ್ನೆಯನ್ನು ಗಂಡಸರಿಗೆ ಯಾರೂ ಕೇಳುವುದಿಲ್ಲ. ನಮ್ಮನ್ನು ಕೇಳುತ್ತಾರೆ. ಸಿಟ್ಟು ಬರುವುದು ಸಹಜ. ಆದರೆ ಉತ್ತರ ಮೊದಲೇ ಯೋಚಿಸಿ ಇಟ್ಟುಕೊಂಡರೆ ತಡವರಿಸುವುದಿಲ್ಲ. "ಅತ್ತೆ ಮನೆಯಲ್ಲಿದ್ದಾರೆ, ನೋಡ್ಕೋತಾರೆ. ರಜೆ ಬೇಕಾದರೆ ಹಿಂದಿನ ದಿನವೇ ಹೇಳ್ತೀನಿ" ಎಂದರಾಯಿತು. ಕೊನೆಗೆ ಅಜ್ಜಿ ದನಿ ತಗ್ಗಿಸಿ, "ಎಷ್ಟು ಕೊಡ್ತೀಯಾ?" ಎನ್ನುತ್ತಾರೆ. ಅಭ್ಯಾಸದಲ್ಲಿ ಇದಕ್ಕೆ ಒಂದೇ ಉತ್ತರ ಕಲಿಸುತ್ತೇವೆ. "ಶುಲ್ಕ ಎಷ್ಟು ಅಂತ ಬರೆದು ಕೊಡಿ ಸಾರ್. ರಸೀದಿ ಕೊಟ್ಟರೆ ಕಟ್ತೀನಿ." ದನಿ ಏರಿಸಬಾರದು, ಅಳಲೂಬಾರದು. ಹತ್ತು ಸಲ ಹೇಳಿ ಹೇಳಿ ನಾಲಿಗೆಗೆ ಒಗ್ಗಬೇಕು.

ದಲ್ಲಾಳಿಗಳ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇವೆ. ಪಕ್ಕದ ಊರಿನ ಒಬ್ಬ ತಂಗಿ ಫ್ಯಾಕ್ಟರಿ ಕೆಲಸಕ್ಕೆಂದು ಒಬ್ಬನಿಗೆ 5,000 ರೂಪಾಯಿ ಕೊಟ್ಟಳು. ಕಿವಿಯ ಓಲೆ ಅಡ ಇಟ್ಟು ತಂದ ಹಣ. ಅವನು ಒಂದು ಫಾರಂ ಕೊಟ್ಟು ಹೋದ. ಆ ಫಾರಂ ಫ್ಯಾಕ್ಟರಿಯ ಗೇಟಿನಲ್ಲಿ ಬಿಟ್ಟಿಯಾಗಿ ಕೊಡುತ್ತಾರೆ. ಓಲೆ ಇನ್ನೂ ಬಿಡಿಸಿಕೊಂಡಿಲ್ಲ.

ಗಾರ್ಮೆಂಟ್ಸ್ ಕೆಲಸದ ವಿಚಾರ ನಿಮಗೆ ನಾವು ಹೇಳಬೇಕಿಲ್ಲ. ಮದ್ದೂರು, ರಾಮನಗರದ ಕಡೆ ಬೆಳಗಾಗುವ ಮೊದಲೇ ವ್ಯಾನು ಬಂದು ನಿಲ್ಲುತ್ತದೆ. ನಿಮ್ಮ ಸೊಸೆಯಂದಿರೋ ಹೆಣ್ಣುಮಕ್ಕಳೋ ಹೋಗುತ್ತಿದ್ದಾರೆ. ನಿಮ್ಮಲ್ಲೂ ಕೆಲವರು ಹೋಗಬೇಕೆಂದಿದ್ದೀರಿ. ಅಲ್ಲಿ ಸಂದರ್ಶನಕ್ಕಿಂತ ಮಿಷನ್ನಿನ ಮೇಲೆ ಕೂರಿಸಿ ನೋಡುವುದೇ ಹೆಚ್ಚು. ಹೊಲಿಗೆ ಬಾರದವರನ್ನು ಹೆಲ್ಪರ್ ಎಂದು ತೆಗೆದುಕೊಳ್ಳುತ್ತಾರೆ. ದಾರ ಕತ್ತರಿಸುವುದು, ಬಟ್ಟೆ ಎತ್ತಿಕೊಡುವುದು. ಸೇರುವ ದಿನ ನಾಲ್ಕಾರು ಕಾಗದ ಮುಂದೆ ಇಟ್ಟು "ಇಲ್ಲಿ ಸೈನ್ ಮಾಡು, ಇಲ್ಲಿ ಮಾಡು" ಎನ್ನುತ್ತಾರೆ. ಹಿಂದೆ ಸಾಲು ನಿಂತಿರುತ್ತದೆ. ಆದರೂ ಓದಿ. ಅಕ್ಷರ ಇಂಗ್ಲಿಷಿನಲ್ಲಿದ್ದರೆ ಏನಿದೆ ಎಂದು ಕೇಳಿ. ಖಾಲಿ ಕಾಗದಕ್ಕೆ ಮಾತ್ರ ಏನಾದರೂ ರುಜು ಹಾಕಬೇಡಿ. ಕೆಲಸಕ್ಕೆ ಸೇರಿಸಿಕೊಂಡದ್ದಕ್ಕೆ ನೇಮಕಾತಿ ಪತ್ರ ಕೇಳಿ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಅದನ್ನು ಕೊಡಬೇಕೆಂದೇ ಇದೆ.

ಸಂಬಳದಲ್ಲಿ ಹಿಡಿಯುವ ಹಣದ ಬಗ್ಗೆ ಜಗಳ ಕೇಳಿದ್ದೇವೆ. "ಹತ್ತು ಸಾವಿರ ಅಂದರು, ಕೈಗೆ ಬಂದದ್ದು ಕಡಿಮೆ" ಎಂದು. ಲೆಕ್ಕ ಮಾಡಿ ನೋಡೋಣ. 10,000 ರೂಪಾಯಿ ಸಂಬಳ ಎಂದು ಇಟ್ಟುಕೊಳ್ಳಿ. ಪಿ.ಎಫ್. ನೂರಕ್ಕೆ 12 ರೂಪಾಯಿ, ಅಂದರೆ 1,200. ಇ.ಎಸ್.ಐ. ನೂರಕ್ಕೆ 75 ಪೈಸೆ, ಅಂದರೆ 75 ರೂಪಾಯಿ. ಕೈಗೆ ಬರುವುದು 8,725. ಹಿಡಿದ ಹಣ ಹೋಗಲಿಲ್ಲ. ಪಿ.ಎಫ್. ನಿಮ್ಮ ಹೆಸರಿನಲ್ಲೇ ಕೂಡುತ್ತದೆ, ಮಾಲೀಕರೂ ತಮ್ಮ ಪಾಲು ಕಟ್ಟಬೇಕು. ಇ.ಎಸ್.ಐ. ಇದ್ದರೆ ಅವರ ಆಸ್ಪತ್ರೆಯಲ್ಲಿ ನಿಮಗೂ ಮನೆಯವರಿಗೂ ಚಿಕಿತ್ಸೆ ಇದೆ. ಆದರೆ ಹಿಡಿದದ್ದನ್ನು ಕಟ್ಟಿದ್ದಾರೆಯೇ? ಅದನ್ನು ತಿಳಿಯಲು ಪಿ.ಎಫ್. ನಂಬರು, ಇ.ಎಸ್.ಐ. ನಂಬರು ನಿಮ್ಮ ಬಳಿ ಇರಬೇಕು. ಸೇರಿದ ತಿಂಗಳೇ ಕೇಳಿ ಬರೆದುಕೊಳ್ಳಿ. ನಾಮಿನಿ ಯಾರು ಎಂದು ಕೇಳಿದಾಗಲೂ ಯೋಚಿಸಿ ಹೇಳಿ. ನಾಮಿನಿ ಎಂದರೆ ನಮಗೆ ಏನಾದರೂ ಆದರೆ ಹಣ ಯಾರ ಕೈಗೆ ಹೋಗಬೇಕು ಎನ್ನುವುದು.

ಅಂಗನವಾಡಿ ಕೆಲಸ ಬೇಕು ಎಂದು ತುಂಬಾ ಜನ ಕೇಳುತ್ತೀರಿ. 1975ರಲ್ಲಿ ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ ಈ ಯೋಜನೆ ಶುರುವಾಯಿತು. ಈಗ ಸಹಾಯಕಿಗೆ ಎಸ್.ಎಸ್.ಎಲ್.ಸಿ., ಕಾರ್ಯಕರ್ತೆಗೆ ಪಿ.ಯು.ಸಿ. ಆಗಿರಬೇಕು. ಅರ್ಜಿಯನ್ನೂ ಕಂಪ್ಯೂಟರಿನಲ್ಲೇ ಹಾಕಬೇಕು. ಸಾಕ್ಷರತೆಯ ಪ್ರಮಾಣ ಪತ್ರ ಇದಕ್ಕೆ ಸಾಲದು. ಸುಳ್ಳು ಆಸೆ ಹುಟ್ಟಿಸುವುದು ನಮಗೆ ಇಷ್ಟವಿಲ್ಲ. ಆದರೆ ದಾರಿ ಮುಚ್ಚಿಲ್ಲ. ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ದೊಡ್ಡವರಿಗೂ ಮೂರನೇ, ಐದನೇ, ಎಂಟನೇ ಕ್ಲಾಸಿಗೆ ಸಮನಾದ ಪರೀಕ್ಷೆಗಳಿವೆ. ಅದಾದ ಮೇಲೆ ಹತ್ತನೆಯದು. ವರ್ಷಗಳು ಹಿಡಿಯುತ್ತವೆ. ಇಪ್ಪತ್ತೈದರೊಳಗಿನ ತಂಗಿಯರು ಇವತ್ತೇ ಯೋಚಿಸಿ.

ಕೆಲಸ ಕಲಿಯಲು ಎಲ್ಲಿಗೆ ಹೋಗಬೇಕು? ನಿಮ್ಮಂಥವರಿಗೆಂದೇ ಇರುವುದು ಜನ ಶಿಕ್ಷಣ ಸಂಸ್ಥಾನ. ಇದು 1967ರಲ್ಲಿ ಶ್ರಮಿಕ ವಿದ್ಯಾಪೀಠ ಎಂಬ ಹೆಸರಿನಲ್ಲಿ ಹುಟ್ಟಿದ್ದು. 2000ದಲ್ಲಿ ಹೆಸರು ಬದಲಾಯಿತು. ಓದು ಬಾರದವರು, ಹೊಸದಾಗಿ ಓದು ಕಲಿತವರು, ಶಾಲೆ ಬಿಟ್ಟವರು, 15ರಿಂದ 45 ವರ್ಷದೊಳಗಿನವರು ಸೇರಬಹುದು. ಹೊಲಿಗೆ, ಕಸೂತಿ, ಬ್ಯೂಟಿ ಪಾರ್ಲರ್ ಇಂಥ ಕೆಲಸ ಕಲಿಸುತ್ತಾರೆ. ರುಡ್‌ಸೆಟ್ ಎಂದು ಇನ್ನೊಂದು. 1982ರಲ್ಲಿ ಉಜಿರೆಯಲ್ಲಿ ಶುರುವಾಯಿತು. ಊಟ, ವಸತಿ ಕೊಟ್ಟು ಬಿಟ್ಟಿಯಾಗಿ ಕಲಿಸುತ್ತಾರೆ. ಆದರೆ ಅದು ಸ್ವಂತ ಉದ್ಯೋಗ ಮಾಡುವವರಿಗೆ. ಕಲಿತು ಬಂದು ನೀವೇ ಹಸು ಸಾಕಬೇಕು, ನೀವೇ ಅಂಗಡಿ ಇಡಬೇಕು. ನೌಕರಿ ಕೊಡಿಸುತ್ತಾರೆ ಎಂದುಕೊಂಡು ಹೋದರೆ ಬೇಜಾರಾಗುತ್ತದೆ. ಯಾವ ತರಬೇತಿಗೆ ಹೋದರೂ ಮೊದಲು ಕೇಳಿ. ಎಷ್ಟು ದಿನ? ಶುಲ್ಕ ಇದೆಯೇ? ಪ್ರಮಾಣ ಪತ್ರ ಯಾರು ಕೊಡುತ್ತಾರೆ? ಹಿಂದಿನ ಸಲ ಕಲಿತವರು ಈಗ ಎಲ್ಲಿದ್ದಾರೆ? ಈ ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಬಾರದಿದ್ದರೆ ಸ್ವಲ್ಪ ಯೋಚಿಸಿ.

ಬರುವ ಸೋಮವಾರ ಸಂಜೆ ಏಳಕ್ಕೆ ಮತ್ತೆ ಸೇರೋಣ. ಬರುವಾಗ ಪಡಿತರ ಚೀಟಿ, ಆಧಾರ್, ಪಾಸ್ ಪುಸ್ತಕ, ಮನೆಯಲ್ಲಿರುವ ಎಲ್ಲ ಕಾಗದ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ. ಮಳೆ ಇದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ. ಬಿಳಿ ಹಾಳೆ, ಪೆನ್ನು ನಾವು ತರುತ್ತೇವೆ. ಸಾಹೇಬರ ಕುರ್ಚಿಗೆ ಈ ಸಲ ಬೇರೆ ಯಾರಾದರೂ ಕೂರಬೇಕು. ಅಜ್ಜಿಯೂ ಒಂದು ಸಲ ಕೆಲಸ ಕೇಳಿ ನೋಡಲಿ.